ತೂಬು ಮತ್ತು ಕೋಡಿ

ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ಟಿದೆ. ೧೯೯೪ರಲ್ಲಿ ಚಿಕ್ಕಮ್ಮನ ಮದುವೆಯಲ್ಲಿ ಅಜ್ಜಿ ಹೇಳಿದ ಹಸೆಯ ಹಾಡುಗಳು ಅದರಲ್ಲಿವೆ. ಅಜ್ಜಿ ಈಗಿಲ್ಲ, ಅವಳ ದನಿ ಉಳಿದಿರುವುದು ಅದೊಂದರಲ್ಲಿಯೇ. ಟೇಪು ಮುದುರಿ, ಅಲ್ಲಲ್ಲಿ ಕಂದುಪುಡಿ ಉದುರುತ್ತಿತ್ತು. ಇನ್ನೆಷ್ಟು ಸಲ ಓಡೀತೋ ಎಂದು ಹೆದರಿ, ಕಂಪ್ಯೂಟರಿಗೆ ಇಳಿಸಿಡಲು ದಸರೆಯ ರಜದಲ್ಲಿ ಕುಳಿತೆ.

ಸೋದರಮಾವ ಕೊಟ್ಟಿದ್ದ ಹಳೆಯ ಟೇಪ್ ರೆಕಾರ್ಡರಿನಲ್ಲಿ ಹೊರಗಿನ ಸ್ಪೀಕರಿಗೆಂದು ಒಂದು ತೂತಿತ್ತು. ಅಲ್ಲಿಂದ ತಂತಿ ಎಳೆದು ನೇರವಾಗಿ ಸೌಂಡ್ ಕಾರ್ಡಿಗೆ ಸಿಕ್ಕಿಸಿದೆ. ಆಮೇಲೆ ಹಾಕಿ ಕೇಳಿದರೆ, ಅಜ್ಜಿ ದನಿ ಏರಿಸಿದ ಕಡೆಯಲ್ಲೆಲ್ಲ ತಗಡು ಹರಿದ ಹಾಗೆ ಕರ್ಕಶ!

“ಇದು ನಮ್ಮಮ್ಮನ ದನಿಯೇನೋ? ಯಾರೋ ಜಗಳಕ್ಕೆ ನಿಂತ ಹಾಗಿದೆ” ಎಂದು ಅಮ್ಮ ಎದ್ದುಹೋದಳು.

ಕಂಪ್ಯೂಟರಿನಲ್ಲಿಯೇ ಸದ್ದು ತಗ್ಗಿಸಿ ನೋಡಿದೆ. ಕರ್ಕಶವೇ ಮೆಲ್ಲಗೆ ಕೇಳಿಸಿತು, ಅಷ್ಟೆ.

ನಮ್ಮ ಕಟ್ಟಡದಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ರೇಡಿಯೋ ರಿಪೇರಿಯಲ್ಲಿಯೇ ಕೂದಲು ನರೆತವರು. ಕೇಳಿದವರೇ, “ಕೆಟ್ಟದ್ದು ಕೆಟ್ಟೇ ಹೋತು ತಮ್ಮಾ. ಬಾಗಲದಾಗ ತಡೀಬೇಕಿತ್ತು” ಎಂದರು.

ಬಿ.ಎ.ಯಲ್ಲಿ ಇತಿಹಾಸ ಓದಿದ ನನಗೆ ಅವರು ತಿಳಿಸಿದ್ದು ಇಷ್ಟು. ಸೌಂಡ್ ಕಾರ್ಡು ದನಿಯ ಏರಿಳಿತವನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ೧೬ ಬಿಟ್ಟಿನ ಲೆಕ್ಕದಲ್ಲಿ ಅತಿ ದೊಡ್ಡ ಅಂಕಿ ೩೨,೭೬೭. ಅದಕ್ಕಿಂತ ಎತ್ತರದ ಅಲೆ ಬಂದರೂ ಅದೇ ಅಂಕಿಯನ್ನೇ ಬರೆಯುತ್ತದೆ. ಅಲೆಯ ತಲೆ ಕತ್ತರಿಸಿಹೋಗುತ್ತದೆ. ಬರೆಯದೆ ಬಿಟ್ಟದ್ದನ್ನು ಆಮೇಲೆ ಎಲ್ಲಿಂದ ತರುವುದು? ೮ ಓಮಿನ ಸ್ಪೀಕರಿಗೆ ೧ ವಾಟ್ ಹೋಗುವಾಗ ತಂತಿಯಲ್ಲಿ ಸುಮಾರು ೨.೮ ವೋಲ್ಟ್ ಇರುತ್ತದೆ. ಮನೆಯ ಉಪಕರಣಗಳ ಲೈನ್ ಮಟ್ಟವೆಂದು ಗೊತ್ತುಮಾಡಿರುವುದು ಮೂರನೆಯ ಒಂದು ವೋಲ್ಟಿಗೂ ಕಡಿಮೆ.

ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಎರಡು ರೆಸಿಸ್ಟರು, ಎರಡು ಸಿಲಿಕಾನ್ ಡಯೋಡು ತಂದೆ. ಬಸ್ಸಿನ ಖರ್ಚೇ ಹೆಚ್ಚಾಯಿತು. ದನಿ ಬರುವ ದಾರಿಯಲ್ಲಿ ೧೦,೦೦೦ ಓಮಿನದು. ಅದರಾಚೆಯಿಂದ ನೆಲದ ತಂತಿಗೆ ೧,೦೦೦ ಓಮಿನದು. ಈ ಚಿಕ್ಕದರ ಎರಡು ತುದಿಗಳಿಂದ ಸೌಂಡ್ ಕಾರ್ಡಿಗೆ. ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ: ೨.೮ ವೋಲ್ಟ್ ಬಂದರೆ ಕಾಲು ವೋಲ್ಟು. ನಮ್ಮೂರ ಕೆರೆಯ ತೂಬಿನ ನೆನಪಾಯಿತು.

ಡಯೋಡುಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಆ ಚಿಕ್ಕ ರೆಸಿಸ್ಟರಿಗೆ ಅಡ್ಡಲಾಗಿ ಬೆಸೆದರು. ಸುಮಾರು ೦.೬ ವೋಲ್ಟ್ ಮೀರಿದರೆ ಅವು ದಾರಿ ಬಿಟ್ಟು, ಹೆಚ್ಚಿನದನ್ನು ನೆಲಕ್ಕೆ ಹರಿಸುತ್ತವೆ. ಅದು ಕೋಡಿ. ಆದರೆ ಕೋಡಿ ಹರಿಯುವಾಗಲೂ ದನಿ ಕೆಡುತ್ತದಂತೆ. ಅದು ಯಂತ್ರ ಉಳಿಸುವುದಕ್ಕೆ, ಹಾಡು ಉಳಿಸುವುದಕ್ಕಲ್ಲ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು: ಕೆಲವು ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಎರಡು ತಂತಿಗಳಲ್ಲಿ ಯಾವುದೂ ನೆಲದ್ದಲ್ಲ, ಅಂಥದಕ್ಕೆ ಇದನ್ನು ಜೋಡಿಸಬಾರದು. ನಮ್ಮದನ್ನು ಮೀಟರಿಟ್ಟು ನೋಡಿಯೇ ಒಪ್ಪಿದರು.

ಮೊದಲು ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟು ಹಾಕಿ, ಅತಿ ಜೋರಿನ ಕಡೆಯೂ ತುದಿಗಿಂತ ೧೨ ಡೆಸಿಬೆಲ್ ಕೆಳಗೇ ನಿಲ್ಲುವಂತೆ ಹದಮಾಡಿದೆ. ಅಜ್ಜಿಯ ಟೇಪು ಹಾಕುವಾಗ ಕೈ ನಡುಗಿತು. ಎರಡು ಕಡೆ ತೊದಲಿತು, ಹರಿಯಲಿಲ್ಲ.

ಈ ಸಲ ಏರುದನಿಯೂ ದುಂಡಗೆ ಬಂತು. ಮೂರನೆಯ ಹಾಡು ಮುಗಿದಾಗ, ಮೊದಲ ಸಲ ಕರ್ಕಶದಲ್ಲಿ ತಿಳಿಯದಿದ್ದ ಒಂದು ಮಾತು ಕೇಳಿಸಿತು: “ಲೋ, ಮೈಕು ಮುಟ್ಟಬೇಡವೋ!” ಆ ಹುಡುಗ ನಾನೇ.

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದಳು. “ಹಾಡು ಆಮೇಲಾಗಲಿ, ಆ ಬೈದದ್ದನ್ನು ಇನ್ನೊಂದು ಸಲ ಹಾಕು” ಎಂದಳು.