ಹಳೇ ಪದ್ಮಿನಿಗೆ ಚಿಕ್ಕ ಜೆಟ್ ಹಾಕ್ಸೋಕೆ ಮುಂಚೆ

ಇವತ್ತು ಬೆಳೆ ವಿಚಾರ ಇಲ್ಲ. ಮಳೆ ಬಿದ್ದು ಹೊಲ ತೇವ ಇದೆ, ಎರಡು ದಿನ ಯಾರೂ ಒಳಗೆ ಕಾಲಿಡೋ ಹಾಗಿಲ್ಲ. ಅದಕ್ಕೆ ಕಾರಿನ ಬಗ್ಗೆ ಬರೀತೀನಿ. ನಮ್ಮ ಪದ್ಮಿನಿ ಎಷ್ಟು ಕೊಡುತ್ತೆ, ಅದನ್ನ ಇಟ್ಕೊಂಡು ಏನ್ ಮಾಡ್ತೀಯ, ಗುಜರಿಗೆ ಹಾಕು ಅಂತ ಸಂತೆಯಲ್ಲಿ ಸಿಕ್ಕೋರೆಲ್ಲ ಕೇಳ್ತಾರೆ. ಸುತ್ತಮುತ್ತ ಇನ್ನೂ ನಾಲ್ಕೈದು ಮನೇಲಿ ಈ ಗಾಡಿ ಇದೆ, ಅವರಿಗಾದ್ರೂ ಉಪಯೋಗ ಆಗ್ಲಿ.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್, 1089 ಸಿಸಿ. ನಮ್ಮ ಮಾವನವರ ಕೈಯಿಂದ ನನಗೆ ಬಂದಿದ್ದು. ಹಿಂದಿನ ಸೀಟು ತೆಗೆದ್ರೆ ಸೇವಂತಿಗೆ ಮೂಟೆ ಹಿಡಿಸುತ್ತೆ. ಬಂದಾಗ ಫುಲ್ ಟ್ಯಾಂಕ್ ಮಾಡ್ಸಿ, ಓಡಿಸಿ, ಅದೇ ಬಂಕಲ್ಲಿ ಮತ್ತೆ ಫುಲ್ ಮಾಡ್ಸಿ ಲೆಕ್ಕ ಹಾಕ್ದೆ. 212 ಕಿ.ಮೀ.ಗೆ 20.8 ಲೀಟರ್. ಅಂದ್ರೆ ಲೀಟರ್‌ಗೆ ಹತ್ತು ಚಿಲ್ಲರೆ. ಪೆಟ್ರೋಲ್ ನೂರು ರೂಪಾಯಿ ದಾಟಿರೋವಾಗ ಇದು ಸಾಕೋಕಾಗದ ಎಮ್ಮೆ. ಇದೇ ರೀತಿ ಕುಡೀತಾ ಇದ್ರೆ ಮಾರೋದೇ ಸರಿ ಅಂತ ಮನೇಲೂ ತೀರ್ಮಾನ ಆಗಿತ್ತು.

ಓಡಿಸುವಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಚೋಕ್ ಪೂರ್ತಿ ಒಳಗೆ ತಳ್ಳಿದ್ರೆ ಗಾಡಿ ಮುಕ್ಕರೀತಿತ್ತು. ಕಾಲು ಭಾಗ ಎಳ್ಕೊಂಡ್ರೆ ಸಲೀಸು. ಮಾವನವರೂ ಹಾಗೇ ಓಡಿಸ್ತಿದ್ರಂತೆ. ಪ್ಲಗ್ ಬಿಚ್ಚಿದ್ರೆ ಎರಡು ಮಸಿ, ಎರಡು ಹಾಲಿನ ಬಿಳುಪು. ಚೋಕ್ ಹಾಕ್ದಾಗ ಪೆಟ್ರೋಲ್ ಜಾಸ್ತಿ, ತೆಗೆದಾಗ ಕಮ್ಮಿ, ಮಧ್ಯದ ಸರಿಯಾದ ಜಾಗವೇ ಇಲ್ಲ. ಕಾರ್ಬೊರೇಟರ್ ಬಿಚ್ಚಿ ನೋಡಿದ್ರೆ ಮೇನ್ ಜೆಟ್ ಬದಲಾಯ್ಸಿದಾರೆ, ಮೈಲೇಜ್‌ಗೆ ಅಂತ ಚಿಕ್ಕದು ಹಾಕಿದಾರೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ವಿಷಯ ಇರೋದೇ ಇಲ್ಲಿ.

ಚಿಕ್ಕ ಜೆಟ್ ಹಾಕಿದ ಮೆಕ್ಯಾನಿಕ್ ದಡ್ಡ ಏನಲ್ಲ. ಈ ಗಾಡಿ ತಯಾರಾಗಿದ್ದು ಮುಂಬೈನ ಕುರ್ಲಾದಲ್ಲಿ, ಸಮುದ್ರದ ಮಟ್ಟದಲ್ಲಿ. ನಾವಿರೋದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿ ತೆಳು. ಕಾರ್ಬೊರೇಟರ್‌ಗೆ ಅದು ಗೊತ್ತಾಗಲ್ಲ, ಹೆಚ್ಚುಕಮ್ಮಿ ಅಲ್ಲಿನ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತೆ. ಹಾಗಾಗಿ ನಮ್ಮ ಕಡೆ ಮಿಶ್ರಣ ಶೇಕಡ ನಾಲ್ಕೈದರಷ್ಟು ಗಟ್ಟಿ ಆಗುತ್ತೆ. ಜೆಟ್ ಒಂದು ಸೈಜ್ ಇಳಿಸಿದ್ರೆ ಆಗಿನ ಕಾಲಕ್ಕೆ ನಿಜವಾಗ್ಲೂ ಉಳಿತಾಯ ಆಗ್ತಿತ್ತು.

ಈಗ ಬಂಕಲ್ಲಿ ಸಿಗೋದು ಇ20. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್, ಕಬ್ಬಿಂದ, ನಾವೇ ಬೆಳೆಯೋ ಮುಸುಕಿನ ಜೋಳದಿಂದ ತೆಗೆದಿದ್ದು. ಬರೀ ಪೆಟ್ರೋಲ್ ಒಂದು ಕೆ.ಜಿ. ಸುಡೋಕೆ 14.7 ಕೆ.ಜಿ. ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಇ20ಗೆ ಸುಮಾರು 13.5. ಅಂದ್ರೆ ಅದೇ ಗಾಳಿಗೆ ಶೇಕಡ ಒಂಬತ್ತರಷ್ಟು ಇಂಧನ ಹೆಚ್ಚಿಗೆ ಹೋಗಬೇಕು. ಹೊಸ ಕಾರಲ್ಲಿ ಸೆನ್ಸರ್ ನೋಡ್ಕೊಂಡು ಸರಿಮಾಡುತ್ತೆ. ಸೋಲೆಕ್ಸ್ ಕಾರ್ಬೊರೇಟರ್‌ಗೆ ಒಂದು ತೂತು ಬಿಟ್ರೆ ಇನ್ನೇನಿದೆ?

ಎತ್ತರದಿಂದ ಗಟ್ಟಿ ಆಗಿದ್ದನ್ನ ಇ20 ತೆಳು ಮಾಡಿ ಇನ್ನೂ ಸ್ವಲ್ಪ ಆಚೆ ತಳ್ಳುತ್ತೆ. ಕಂಪನಿ ಜೆಟ್ ಇದ್ರೆ ಹೇಗೋ ನಡೆಯುತ್ತೆ. ಮೊದಲೇ ಜೆಟ್ ಇಳಿಸಿದ್ರೆ ಕಥೆ ಮುಗೀತು. ಜೆಟ್ ಮೇಲಿನ ನಂಬರ್ ತೂತಿನ ಅಗಲ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಉದಾಹರಣೆಗೆ 120 ಇದ್ದಿದ್ದು 115 ಮಾಡಿದ್ರೆ ಐದೇ ನಂಬರ್ ಅನ್ಸುತ್ತೆ, ಆದ್ರೆ ತೂತಿನ ವಿಸ್ತೀರ್ಣ ಶೇಕಡ ಎಂಟು ಕಮ್ಮಿ. ಎರಡೂ ಸೇರಿದ್ರೆ ಇಂಜಿನ್ ಉಪವಾಸ. ಎಳೆಯಲ್ಲ, ಕಾಲು ಜಾಸ್ತಿ ಒತ್ತಬೇಕು, ಚೋಕ್ ಎಳೀಬೇಕು, ಬಿಸಿ ಏರುತ್ತೆ, ಎಕ್ಸಾಸ್ಟ್ ವಾಲ್ವ್ ಸುಡುತ್ತೆ. ಉಳಿಸೋಕೆ ಹೋಗಿ ಹೆಚ್ಚಿಗೆ ಸುಟ್ಟ ಹಾಗೆ.

ಹಳೇ ಗುಜರಿ ಕಾರ್ಬೊರೇಟರಿಂದ ಕಂಪನಿ ಸೈಜಿನ ಜೆಟ್ ಹುಡುಕಿ ಹಾಕ್ದೆ. ತಂತಿ ತೂರಿಸಿ ಸವೆಸಿದ ಜೆಟ್ ತಗೋಬೇಡಿ, ನಂಬರ್ ಒಂದಿರುತ್ತೆ, ತೂತು ಇನ್ನೊಂದು. ಈಗ ಚೋಕ್ ಬೆಳಿಗ್ಗೆ ಎರಡು ನಿಮಿಷ ಅಷ್ಟೆ. ಪ್ಲಗ್ ನಾಲ್ಕೂ ತಿಳಿ ಕಾಫಿ ಬಣ್ಣ.

ಆಮೇಲೆ ಟೈಮಿಂಗ್. ಪಾಯಿಂಟ್ ಗ್ಯಾಪ್ ಮೊದಲು ಸರಿಮಾಡಿ, ಆಮೇಲೇ ಟೈಮಿಂಗ್ ಮುಟ್ಟಿ. ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ. ಹಿಂದೆ ಪೆಟ್ರೋಲ್ ಆಕ್ಟೇನ್ ಕಮ್ಮಿ ಇದ್ದಾಗ ಬಡಿತ ಬರಬಾರದು ಅಂತ ಟೈಮಿಂಗ್ ಹಿಂದಕ್ಕೆ ಇಡ್ತಿದ್ರು. ಎಥನಾಲ್ ಬಡಿತ ತಡೆಯುತ್ತೆ. ಘಾಟಿ ಸುಬ್ರಹ್ಮಣ್ಯದ ಕಡೆ ಒಂದು ಏರು ನೋಡ್ಕೊಂಡು, ಟಾಪ್ ಗೇರ್‌ನಲ್ಲಿ 40ರಲ್ಲಿ ಪೂರ್ತಿ ಒತ್ತಿ ಕೇಳಿದೆ. ಟಿಣಿ ಟಿಣಿ ಸದ್ದು ಬರೋವರೆಗೂ ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸ್ತಾ ಹೋಗಿ, ಬಂದ ಕೂಡಲೇ ಸ್ವಲ್ಪ ಹಿಂದಕ್ಕೆ ತಂದು ನಿಲ್ಲಿಸ್ದೆ. ಎಳೆತ ಕಾಲಿಗೇ ಗೊತ್ತಾಗುತ್ತೆ.

ಥರ್ಮೋಸ್ಟಾಟ್ ಇರಲಿಲ್ಲ. ಬಿಸಿ ಆಗುತ್ತೆ ಅಂತ ಯಾವಾಗ್ಲೋ ಕಿತ್ತು ಹಾಕಿದಾರೆ, ನಮ್ಮ ಕಡೆ ಇದೊಂದು ರೋಗ. ಅದಿಲ್ದೆ ಇಂಜಿನ್ ಬೆಚ್ಚಗಾಗೋದೇ ನಿಧಾನ. ಬೆಳಿಗ್ಗೆ ನಾಲ್ಕಕ್ಕೆ ಮಾರ್ಕೆಟ್‌ಗೆ ಹೊರಡೋ ಗಾಡಿ ದಾರಿಯ ಅರ್ಧ ತಣ್ಣಗೇ ಓಡುತ್ತೆ, ತಣ್ಣನೆ ಇಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಒಂದು ಹಾಕ್ಸಿದೆ. ಹಿಂದಿನ ಎಡಗಡೆ ಬ್ರೇಕ್ ಹಿಡ್ಕೊಂಡಿತ್ತು, ಅದೂ ಆಯ್ತು. ಮಟ್ಟ ಜಾಗದಲ್ಲಿ ನ್ಯೂಟ್ರಲ್ ಹಾಕಿ ಒಬ್ಬನೇ ತಳ್ಳಿ, ಸಲೀಸಾಗಿ ಹೋಗಲಿಲ್ಲ ಅಂದ್ರೆ ಇಂಜಿನ್ ಬಿಚ್ಚೋಕೆ ಹೋಗ್ಬೇಡಿ, ಚಕ್ರ ನೋಡಿ.

ಎಲ್ಲ ಆದಮೇಲೆ ಅದೇ ಬಂಕು, ಅದೇ ದೊಡ್ಡಬಳ್ಳಾಪುರ–ದೇವನಹಳ್ಳಿ ಓಡಾಟ: 226 ಕಿ.ಮೀ.ಗೆ 16.7 ಲೀಟರ್. ಹದಿಮೂರೂವರೆ. ತಿಂಗಳಿಗೆ 600 ಕಿ.ಮೀ. ಅಂದ್ರೆ 14 ಲೀಟರ್ ಉಳೀತು. ಎಥನಾಲ್‌ನಲ್ಲಿ ಶಕ್ತಿಯೇ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ, ಹಾಗಾಗಿ ಹಳೇ ಕಾಲದ ಮೈಲೇಜ್ ಪೂರ್ತಿ ವಾಪಸ್ ಬರಲ್ಲ. ಇ0ಗೆ ಮಾಡಿದ ಕಾರುಗಳಿಗೆ ಶೇಕಡ 6–7 ಕಮ್ಮಿ ಆಗುತ್ತೆ ಅಂತ 2021ರ ನೀತಿ ಆಯೋಗದ ವರದಿಯಲ್ಲೇ ಇದೆ.

ಮೈಲೇಜ್‌ಗಿಂತ ಮುಖ್ಯವಾದ್ದು ಒಂದಿದೆ. ಎಥನಾಲ್ ಹಳೇ ರಬ್ಬರ್ ತಿನ್ನುತ್ತೆ. ಪೆಟ್ರೋಲ್ ಪಂಪಿನ ಡಯಾಫ್ರಂ ತೂತಾದ್ರೆ ಪೆಟ್ರೋಲ್ ನೇರ ಇಂಜಿನ್ ಆಯಿಲ್‌ಗೆ ಇಳಿಯುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿದ್ರೆ ಖುಷಿ ಪಡ್ಬೇಡಿ, ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡ್ಲೇಬೇಡಿ. ಪೈಪ್, ಡಯಾಫ್ರಂ ಎರಡೂ ಇ20 ತಡೆಯೋದೇ ಹಾಕ್ಸಿ.

ಕಾರಿಲ್ಲದೋರೂ ಇದನ್ನ ಓದಿ: ಕಳೆ ಕತ್ತರಿಸೋ ಮಷಿನ್, ಪೆಟ್ರೋಲ್ ಸ್ಪ್ರೇಯರ್ ಎಲ್ಲದರಲ್ಲೂ ಇದೇ ಕಾರ್ಬೊರೇಟರ್. ಎರಡು ಸ್ಟ್ರೋಕಿನ ಮಷಿನ್ ತೆಳು ಮಿಶ್ರಣದಲ್ಲಿ ಓಡಿದ್ರೆ ಪಿಸ್ಟನ್ ಹಿಡ್ಕೊಳುತ್ತೆ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋವರೆಗೂ ಓಡಿಸಿ ಇಡಿ. ಎಥನಾಲ್ ಗಾಳಿಯ ತೇವ ಎಳೆಯುತ್ತೆ, ತಿಂಗಳುಗಟ್ಟಲೆ ನಿಂತ್ರೆ ತಳದಲ್ಲಿ ನೀರು.

ಹಳೇ ಸೋಲೆಕ್ಸ್ ಕಾರ್ಬೊರೇಟರ್ ಯಾರ ಶೆಡ್‌ನಲ್ಲಾದ್ರೂ ಬಿದ್ದಿದ್ರೆ ಗುಜರಿಗೆ ಹಾಕ್ಬೇಡಿ, ನನಗೆ ಹೇಳಿ. ಹೊಸಕೋಟೆ ಕಡೆ ಇನ್ನಿಬ್ಬರಿಗೆ ಜೆಟ್ ಬೇಕಾಗಿದೆ.