ಜೇನಿಗೆ ಹೆಪ್ಪು ಹಾಕಕ್ಕೋಗಿ

ಹೋದ ಆಷಾಢದಲ್ಲಿ ನಾನು ಮಾಡಿದ ಕೆಲಸ ನಮ್ಮೆಜಮಾನ್ರಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಇಲ್ಲಿ ಓದ್ಕಂಡ್ರೆ ಓದ್ಕಳ್ಳಿ.

ನನ್ನ ತವರು ನಾಗಮಂಗಲದ ಕಡೆ, ಮಳೆ ನಂಬಿದ ಊರು. ರಾಗಿ ಹೊಲದಲ್ಲಿ ಹುಚ್ಚೆಳ್ಳು ಸಾಲು, ಬದದ ಮೇಲೆ ಹೊಂಗೆ ಮರ, ಅದರ ನೆರಳಲ್ಲಿ ಅಪ್ಪನ ಆರು ತುಡುವೆ ಜೇನಿನ ಪೆಟ್ಗೆ. ನಾನು ಏಳನೇ ಕ್ಲಾಸಲ್ಲಿದ್ದಾಗ, 1991-92ರಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಕರ್ನಾಟಕದ ತುಡುವೆ ಜೇನನ್ನ ನೂರಕ್ಕೆ ತೊಂಬತ್ತರಷ್ಟು ಬಳ್ಕಂಡು ಹೋಯ್ತು. ಆ ಹೆಸರು ಆಗ ನಮಗ್ಯಾರಿಗೆ ಗೊತ್ತಿತ್ತು? "ಹುಳ ಚೀಲ ಆಯ್ತವೆ" ಅಂತಿತ್ತು ಅಪ್ಪ. ಮರಿಹುಳ ತಲೆ ಮೇಲೆತ್ಕಂಡು, ನೀರು ತುಂಬಿದ ಚೀಲದಂಗಾಗಿ ಸಾಯೋವು. ಕಡ್ಡೀಲಿ ಎತ್ತಿದ್ರೆ ಇಡಿಯಾಗಿ ಬರೋವು. ಆರರಲ್ಲಿ ಒಂದೂ ಉಳೀಲಿಲ್ಲ. ಖಾಲಿ ಪೆಟ್ಗೇಲಿ ಅವ್ವ ಕೋಳಿ ಕಾವಿಗೆ ಕೂರಿಸ್ತು. ಅಪ್ಪ ಆ ಕಡೆ ತಿರುಗಿ ನೋಡ್ತಿರ್ಲಿಲ್ಲ.

ಪಾಂಡವಪುರಕ್ಕೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ ಆದ್ಮೇಲೆ, ತೆಂಗಿನ ತೋಟದಲ್ಲಿ ನಾನೂ ಮೂರು ಪೆಟ್ಗೆ ಇಟ್ಟಿವ್ನಿ. ಆಷಾಢದಲ್ಲಿ ಹೂ ಕಮ್ಮಿ, ಸಕ್ಕರೆ ನೀರು ಇಡಬೇಕು. ಇಡಕ್ಕೆ ಅಂತ ಮುಚ್ಚಳ ತೆಗೆದ್ರೆ, ಒಂದು ಪೆಟ್ಗೇಲಿ ಅದೇ ಚೀಲ. ಎದೆ ಧಸಕ್ ಅಂತು ಕಣ್ರವ್ವ.

ರಾತ್ರಿ ಮಗಳು ಫೋನಲ್ಲಿ ಹುಡುಕಿ ಓದಿದ್ಲು. ಕೆನಡಾದ ವೆಸ್ಟರ್ನ್ ಯೂನಿವರ್ಸಿಟಿಯವ್ರು 2020ರಲ್ಲಿ ಬರ್ದವ್ರೆ: ಮೂರು ಥರದ ಲ್ಯಾಕ್ಟೋಬ್ಯಾಸಿಲಸ್‌ನ ಮೇವಿನ ಬಿಲ್ಲೇಲಿ ಕಲಸಿ, ಫೌಲ್‌ಬ್ರೂಡ್ ರೋಗ ಬಂದ ಗೂಡಿಗೆ ಇಟ್ರೆ ರೋಗಾಣು ಕಮ್ಮಿಯಾಯ್ತು ಅಂತ. ಲ್ಯಾಕ್ಟೋಬ್ಯಾಸಿಲಸ್ ಅಂದ್ರೆ ಮೊಸರಿನ ಹೆಪ್ಪಿನ ಜಾತಿ ಅಂದ್ಲು. ಸಾಕಲ್ಲ ನನಗೆ! ದಿನಾ ಹೆಪ್ಪು ಹಾಕೋ ಕೈ ಇದು. ಬೆಳಿಗ್ಗೆ ಸಕ್ಕರೆ ನೀರಿಗೆ ಎರಡು ಚಮಚ ಹುಳಿ ಮಜ್ಜಿಗೆ ಬೆರೆಸಿ ಇಟ್ಬುಟ್ಟೆ. ಪಕ್ಕದ ಪೆಟ್ಗೆ ಚೆನ್ನಾಗೇ ಇತ್ತು, ಅದಕ್ಕೂ ಇರ್ಲಿ ಅಂತ ಒಸಿ ಇಟ್ಟೆ. ಮೂರನೇದಕ್ಕೆ ಮಜ್ಜಿಗೆ ಸಾಲ್ಲಿಲ್ಲ, ಅದರ ಪುಣ್ಯ.

ಮೂರನೇ ದಿನ ಎರಡು ಪೆಟ್ಗೆ ಮುಂದೂ ಸತ್ತ ಹುಳ. ಬಟ್ಲಲ್ಲಿದ್ದ ನೀರು ನಾರ್ತಿತ್ತು.

ನಮ್ಮಣ್ಣನ ಮಗಳು ಮಂಡ್ಯದ ವಿ.ಸಿ. ಫಾರಂನಲ್ಲಿ ಓದ್ತಾಳೆ. ಫೋನಲ್ಲೇ ಬೈದ್ಲು: "ಅತ್ತೆ, ಹಾಲಿನ ಸಕ್ಕರೆ ಜೇನಿಗೆ ಅರಗಲ್ಲ, ವಿಷ ಇದ್ದಂಗೆ. ಅವರು ಇಟ್ಟಿದ್ದು ಮೊಸರಲ್ಲ, ಆರಿಸಿ ಬೆಳೆಸಿದ ಬ್ಯಾಕ್ಟೀರಿಯಾ. ಮೂರರಲ್ಲಿ ಒಂದು ಜೇನುಗೂಡಿಂದಲೇ ತೆಗೆದಿದ್ದು. ಅಲ್ಲದೆ ಅವರದು ಬ್ಯಾಕ್ಟೀರಿಯಾ ರೋಗ, ನಿಮ್ಮದು ವೈರಸ್."

ಆಮೇಲೆ ಸಮಾಧಾನವಾಗಿ ಬಿಡಿಸಿ ಹೇಳಿದ್ಲು. ಅರೆ ಒಡ್ಕಂಡು ಬರೋ ಮರಿ ಜೇನಿನ ಕರುಳಲ್ಲಿ ಹೆಪ್ಪೇ ಇರಲ್ಲವಂತೆ. ಗೂಡಲ್ಲಿರೋ ದೊಡ್ಡವರ ಒಡನಾಟದಲ್ಲಿ ಕೆಲವೇ ದಿನದಲ್ಲಿ ತುಂಬ್ಕತದೆ. ಬಾಣಂತಿ ಮನೇಗೆ ಅಕ್ಕಪಕ್ಕದವರು ಹೆಪ್ಪು ಕೊಟ್ಟಂಗೆ ಅನ್ಕಳಿ. ಆ ಹೆಪ್ಪು ಕೆಟ್ರೆ ರೋಗ ಬೇಗ ತಗಲ್ತದೆ. 2017ರಲ್ಲಿ ಅಮೆರಿಕದ ಟೆಕ್ಸಾಸಲ್ಲಿ ಜೇನಿಗೆ ಟೆಟ್ರಾಸೈಕ್ಲಿನ್ ಕೊಟ್ಟು ನೋಡಿದ್ರಂತೆ: ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿಯಾಗಿ, ಗೂಡಿಗೆ ಬಿಟ್ಟ ಮೇಲೆ ಹೆಚ್ಚು ಜೇನು ಸತ್ವು. ವೈರಸ್‌ಗೆ ಆ ಮಾತ್ರೆ ನಾಟೋದೂ ಇಲ್ಲ. ನಾನು ಮೆಡಿಕಲ್ ಸ್ಟೋರಿಗೂ ಹೊರಟಿದ್ದೆ, ಸದ್ಯ.

ಅವಳು ಹೇಳಿದಂಗೆ ರೋಗದ ಎರಿ ಕಿತ್ತು ಸುಟ್ಟೆ. ರಾಣೀನ ಪುಟ್ಟ ಪಂಜರದಲ್ಲಿಟ್ಟು ಹದಿನೈದು ದಿನ ಮೊಟ್ಟೆ ಇಡದಂಗೆ ಮಾಡ್ದೋ. ಮರಿನೇ ಇಲ್ದಿದ್ರೆ ರೋಗ ಹಿಡಿಯೋದೆಲ್ಲಿ? ಒಂದು ಪೆಟ್ಗೆಗೆ ಮುಟ್ಟಿಸಿದ ಚಾಕು ಇನ್ನೊಂದಕ್ಕೆ ಮುಟ್ಟಿಸ್ಲಿಲ್ಲ. ಬರೀ ಸಕ್ಕರೆ ನೀರು, ದಿನಾ ಹೊಸದು.

ಆದ್ರೂ ರಾಣಿ ಬಿಟ್ಟ ನಾಲ್ಕನೇ ದಿನ ರೋಗದ ಪೆಟ್ಗೆಯವು ಎದ್ದು ಹೋದ್ವು. ಎಜಮಾನ್ರು "ಮಳೆಗೆ ಹೋದ್ವೇನೋ" ಅಂದ್ರು. ಹೂಂ ಅಂದೆ. ಮಜ್ಜಿಗೆ ಕುಡಿದ ಎರಡನೇದು ನವರಾತ್ರಿ ಹೊತ್ತಿಗೆ ಚೇತರಿಸ್ಕತು. ಖಾಲಿ ಪೆಟ್ಗೇನ ತೊಳೆದು, ಬಿಸಿಲಿಗೆ ಒಣಗಿಸಿ ಅಟ್ಟದ ಮೇಲಿಟ್ಟಿವ್ನಿ. ಕೋಳಿಗೆ ಕೊಡಕ್ಕೆ ಮನಸ್ಸು ಬರಲಿಲ್ಲ.

ಕೆ.ಆರ್. ಪೇಟೆ ನಾದಿನಿ ಒಂದು ಪೆಟ್ಗೆ ಜೇನು ಕೇಳವ್ಳೆ. ಇನ್ನೊಂದು ಮಳೆಗಾಲ ಕಳೀಲಿ, ರೋಗ ಹೋಗೈತೋ ಇಲ್ವೋ ನೋಡಿ ಕೊಡ್ತೀನಿ ಅಂದಿವ್ನಿ. ಕೊಡಕ್ಕೆ ಇಷ್ಟ ಇಲ್ಲ ಅಂತ ಮುನಿಸ್ಕಂಡವ್ಳೆ.