ಚಿನ್ನದ ಪದಕದ ಪಕ್ಕದಲ್ಲೊಂದು ಗಿಟಾರು

ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಕೊಟ್ಟ ದಿನ. ಚನ್ನಪಟ್ಟಣದಿಂದ ಬಂದಿದ್ದ ಒಬ್ಬ ತಂದೆ, ಉಳಿದವರೆಲ್ಲ ಹೋಗುವವರೆಗೂ ರಾಮನಗರದ ನಮ್ಮ ಶಾಲೆಯ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದ್ದರು. ಬೊಂಬೆ ಕೆಲಸದವರು, ಬೆರಳ ತುದಿಯಲ್ಲಿ ಅರಗಿನ ಕೆಂಪು ಹಾಗೇ ಇತ್ತು.

“ಮೇಷ್ಟ್ರೇ, ನೀವಾದ್ರೂ ಒಂದು ಮಾತು ಹೇಳಿ. ಓದೋ ಹುಡುಗ, ಮೂರ್ಹೊತ್ತೂ ಆ ಗಿಟಾರು ಹಿಡ್ಕಂಡು ಕೂತಿರ್ತಾನೆ.”

ತಲೆ ತಗ್ಗಿಸಿ ನಿಂತಿದ್ದ ಮಗ ಮೆಲ್ಲಗೆ ಹೇಳಿದ: “ರಘು ದೀಕ್ಷಿತ್ ಕೂಡ ಎಂ.ಎಸ್ಸಿ. ಗೋಲ್ಡ್ ಮೆಡಲಿಸ್ಟು ಸಾರ್.”

ನನಗೆ ನಂಬಿಕೆಯಾಗಲಿಲ್ಲ. ಲುಂಗಿ ಸುತ್ತಿ, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಯ ಮೇಲೆ ಕುಣಿಯುವ ಗಾಯಕನಿಗೂ ಚಿನ್ನದ ಪದಕಕ್ಕೂ ಎತ್ತಣಿಂದೆತ್ತ ಸಂಬಂಧ? “ನಾಳೆ ಹೇಳುತ್ತೇನೆ” ಎಂದು ಕಳಿಸಿದೆ. ಸಂಜೆ ಹುಡುಕಿ ಓದಿದರೆ, ಹುಡುಗ ಹೇಳಿದ್ದು ನಿಜ. 1974ರಲ್ಲಿ ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು, ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಓದಿ ಚಿನ್ನದ ಪದಕ ಪಡೆದವರು. ಜೊತೆಗೆ ಭರತನಾಟ್ಯದಲ್ಲಿ ವಿದ್ವತ್ ಕೂಡ. ಗಿಟಾರು ಹಿಡಿದದ್ದು ಕಾಲೇಜಿಗೆ ಬಂದ ಮೇಲೆ. ನೃತ್ಯ ಕಲಿಯುತ್ತಾನೆಂದು ಸಹಪಾಠಿಯೊಬ್ಬ ಹಂಗಿಸಿದಾಗ, ಎರಡೇ ತಿಂಗಳಲ್ಲಿ ಗಿಟಾರು ಕಲಿತು ತೋರಿಸುತ್ತೇನೆಂದು ಪಂತ ಕಟ್ಟಿದರಂತೆ! ಹಟಕ್ಕೆ ಹಿಡಿದದ್ದು ಕೈಬಿಡಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆ ಕಟ್ಟಿದ ತಂಡದ ಹೆಸರು ‘ಅಂತರಾಗ್ನಿ’. ಇಂದಿನ ‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಬೇರು ಅದು. ಬೆಲ್ಜಿಯಂನಲ್ಲಿ ಔಷಧ ಕಂಪನಿಯ ಕೆಲಸದಲ್ಲಿದ್ದಾಗ ಅಲ್ಲಿನ ರೇಡಿಯೋದಲ್ಲಿ ಹಾಡುವ ಅವಕಾಶ ಸಿಕ್ಕಿತು, ಕೇಳಿದವರು ಮೆಚ್ಚಿದರು. ಅವರು ಕೆಲಸ ಬಿಟ್ಟು ಊರಿಗೆ ಮರಳಿದರು.

ನಮ್ಮ ಮಕ್ಕಳು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನು ಯಾರೂ ಹೇಳುವುದಿಲ್ಲ. ಧ್ವನಿಮುದ್ರಣ ಕಂಪನಿಗಳು ವರ್ಷಗಟ್ಟಲೆ ಬೇಡವೆಂದವು. ಭಾಸ್ಕರ್ ತಮ್ಮ ದಾರಿ ಹಿಡಿದರು. ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ, ಅದೂ ವಿಶಾಲ್–ಶೇಖರ್ ಜೋಡಿ ಮುಂಬೈಯಲ್ಲಿ ಇವರ ಹಾಡು ಕೇಳಿದ್ದರಿಂದ. ತಂಡ ಹುಟ್ಟಿದ ದಿನದಿಂದ ಎಣಿಸಿ ನೋಡಿ. ಒಂದನೇ ತರಗತಿಗೆ ಸೇರಿದ ಮಗು ಹೈಸ್ಕೂಲು ಮುಗಿಸುವಷ್ಟು ಕಾಲ!

ಆ ಆಲ್ಬಂನ ‘ಗುಡುಗುಡಿಯ ಸೇದಿ ನೋಡೋ’ ಕೇಳಿ ನಾನು ಮತ್ತೊಮ್ಮೆ ಬೆಚ್ಚಿದೆ. ಅದು ಶಿಶುನಾಳ ಶರೀಫರದು. ನಾನು ಬಿ.ಎಸ್ಸಿ. ಓದುತ್ತಿದ್ದಾಗ, 1990ರಲ್ಲಿ, ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದಿತ್ತು. ಅಶ್ವಥ್ ದನಿಯ ಆ ಕ್ಯಾಸೆಟ್ಟುಗಳನ್ನು ಮಾಗಡಿಯ ಸೋದರಮಾವನ ಮನೆಯಲ್ಲಿ ಟೇಪು ಸವೆಯುವವರೆಗೆ ಕೇಳಿದ್ದೆವು. ಗಿಟಾರೆಂದರೆ ಇಂಗ್ಲಿಷ್ ಹಾಡು ಎಂದುಕೊಂಡಿದ್ದ ನಾನು, ಈ ಹುಡುಗರು ನನ್ನದೇ ಹಾಡನ್ನು ಹಾಡುತ್ತಿದ್ದುದನ್ನು ಇಷ್ಟು ತಡವಾಗಿ ತಿಳಿದೆ. 2010ರಲ್ಲಿ ಬ್ರಿಟನ್ನಿನ ಜೂಲ್ಸ್ ಹಾಲೆಂಡ್ ಅವರ ದೂರದರ್ಶನ ಕಾರ್ಯಕ್ರಮದವರೆಗೂ ಈ ತಂಡ ಹೋಗಿಬಂದಿತು.

ತಡವಾಗಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಹದಿನೈದು ವರ್ಷದ ಹಿಂದೆ ಕನಕಪುರ ಕಡೆಯ ಇನ್ನೊಬ್ಬ ತಂದೆ ಇದೇ ಪ್ರಶ್ನೆ ಕೇಳಿದ್ದರು. ನಾನು ಹಿಂದೆ ಮುಂದೆ ನೋಡದೆ “ಮಾರಿಬಿಡಿ” ಎಂದಿದ್ದೆ. ಮಾರಿದರು. ಹುಡುಗ ಈಗ ಇಂಜಿನಿಯರು, ಸಂಬಳ ಚೆನ್ನಾಗಿದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಈಗ ಹಾಡುತ್ತೀಯೇನಪ್ಪಾ ಎಂದು ಕೇಳುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ.

ನಮ್ಮೂರಿನ ಜಾನಪದ ಲೋಕಕ್ಕೆ ಮಕ್ಕಳನ್ನು ಕರೆದೊಯ್ಯುವಾಗೆಲ್ಲ ಎಚ್.ಎಲ್. ನಾಗೇಗೌಡರ ಕಥೆ ಹೇಳುತ್ತೇನೆ. ಅವರು ಐ.ಎ.ಎಸ್. ಅಧಿಕಾರಿ. ನಿವೃತ್ತರಾದ ಮೇಲೆ 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು. ಹಳ್ಳಿ ಹಾಡುಗಳನ್ನು ಟೇಪಿಗೆ ತುಂಬಿಸಿದರು. 1994ರಲ್ಲಿ ಜಾನಪದ ಲೋಕವನ್ನು ತೆರೆದರು. ಒಬ್ಬರು ಕೆಲಸ ಬಿಟ್ಟು ಹಾಡು ಹಿಡಿದರು, ಇನ್ನೊಬ್ಬರು ಕೆಲಸ ಮುಗಿಸಿ ಹಿಡಿದರು. ಯಾವುದು ಸರಿ ಎಂದು ಹೇಳಲು ನಾನು ಯಾರು?

ಮರುದಿನ ಬಂದ ತಂದೆಗೆ ಹೇಳಿದ್ದು ಇಷ್ಟೇ: “ಗಿಟಾರು ಮಾರಬೇಡಿ. ಆದರೆ ಆ ಹತ್ತು ವರ್ಷದ ಕಥೆಯನ್ನು ಅವನು ನಿಮಗೆ ಪೂರ್ತಿ ಹೇಳಲಿ, ಪದಕದ ಭಾಗ ಮಾತ್ರವಲ್ಲ.” ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. “ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಲಿ” ಎಂದು ಎದ್ದರು.

ಹುಡುಗನಿಗೆ ಗಿಟಾರು ತರಲು ಹೇಳಿ ಸೋನೋಮೀಟರಿನ ಪಕ್ಕ ಇಟ್ಟೆ. ಹನ್ನೆರಡನೇ ಪಟ್ಟಿ ತಂತಿಯ ನಡುವೆಯೇ ಇರಬೇಕು, ಅರ್ಧ ಉದ್ದಕ್ಕೆ ಇಮ್ಮಡಿ ಆವರ್ತನ ಎಂದೆ. ಅವನು ಸ್ಕೇಲಿಟ್ಟು ಅಳೆದ. “ಸೇತುವೆಯ ಕಡೆ ಒಂದೆರಡು ಮಿಲಿಮೀಟರ್ ಜಾಸ್ತಿ ಇದೆಯಲ್ಲ ಸಾರ್?”

ಬಿ.ಎಸ್ಸಿ., ಬಿ.ಎಡ್. ಆದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ರಾತ್ರಿ ಯೋಚಿಸಿದ ಮೇಲೆ ಗೊತ್ತಾಯಿತು. ಬೆರಳಿನಿಂದ ಒತ್ತಿದಾಗ ತಂತಿ ತುಸು ಬಿಗಿಯಾಗಿ ಶ್ರುತಿ ಏರುತ್ತದೆ. ಅದನ್ನು ಸರಿದೂಗಿಸಲು ಸೇತುವೆಯನ್ನು ಕೊಂಚ ಹಿಂದೆ ಸರಿಸಿರುತ್ತಾರೆ. ಬೆಳಿಗ್ಗೆ ಹೇಳೋಣವೆಂದು ಹೋದರೆ, ಅವನು ಆಗಲೇ ಕಂಡುಕೊಂಡಿದ್ದ.